ಹಳೆಯ ಲಿವರ್ ರೈಫಲ್ಲೋ, ಹೊಸದೋ?

ಪ್ರಶ್ನೆ: 1950ರ ದಶಕದ ವಿಂಚೆಸ್ಟರ್ 94 ಲಿವರ್ ರೈಫಲ್ (ಅಡಿಯ ಹಿಡಿ ಎಳೆದು ತೋಟಾ ತುಂಬುವ ಬಂದೂಕು) ಒಂದು ಮಾರಾಟಕ್ಕಿದೆ. ಅದೇ .30-30 ತೋಟಾದ ಹೊಸ ಮಾರ್ಲಿನ್ 336 ಕೂಡ ನೋಡಿಟ್ಟಿದ್ದೇನೆ. ಹಳೆಯದೇ ಗಟ್ಟಿ ಅನ್ನುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ಹಳೆಯದು ಅಂದರೆ ಸಾಲದು, ಯಾವ ವರ್ಷದ್ದು ಅನ್ನುವುದು ಮುಖ್ಯ. 1964ರಲ್ಲಿ ವಿಂಚೆಸ್ಟರ್ ಖರ್ಚು ಇಳಿಸಲು 94ರ ತಯಾರಿಕೆಯನ್ನೇ ಬದಲಿಸಿತು. ತೋಟಾವನ್ನು ಮೇಲೆತ್ತುವ ಕ್ಯಾರಿಯರ್ ತಗಡಿನದಾಯಿತು, ಯಂತ್ರಭಾಗಗಳು ಕೂತಿರುವ ಚೌಕಟ್ಟಾದ ರಿಸೀವರ್‌ಗೆ ಮತ್ತೆ ಬ್ಲೂಯಿಂಗ್ (ತುಕ್ಕು ತಡೆಯುವ ನೀಲಿಗಪ್ಪು ಲೇಪ) ಹಿಡಿಸುವುದೇ ಕಷ್ಟವಾಯಿತು. ನಿಮ್ಮ ಕಣ್ಣಿಗೆ ಬಿದ್ದಿರುವುದು ಅದಕ್ಕೂ ಮುಂಚಿನದು, ಒಳ್ಳೆಯ ಕೆಲಸಗಾರಿಕೆಯದು.

ಆದರೆ ಸ್ಕೋಪ್ ಹಾಕುವ ಯೋಚನೆಯಿದ್ದರೆ ಅದು ಬೇಡ. ಆ ಕಾಲದ 94ರಲ್ಲಿ ಖಾಲಿ ತೋಟಾ ನೇರ ಮೇಲಕ್ಕೆ ಚಿಮ್ಮಿ ಸ್ಕೋಪಿಗೆ ಬಡಿಯುತ್ತದೆ. 336ರ ರಿಸೀವರ್ ಮೇಲ್ಭಾಗ 1948ರಿಂದಲೂ ಮುಚ್ಚಿಕೊಂಡೇ ಇದೆ, ಖಾಲಿ ತೋಟಾ ಪಕ್ಕದಿಂದ ಬೀಳುತ್ತದೆ. ಹಳೆಯದಕ್ಕೆ ತೂತು ಕೊರೆಸಿ ಸ್ಕೋಪ್ ಕೂರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬಂದೂಕಿನ ಬೆಲೆಯೂ ಹೋಗುತ್ತದೆ, ಅಂದವೂ ಹೋಗುತ್ತದೆ.

ಕಬ್ಬಿಣದ ಸೈಟೇ ಸಾಕೆನ್ನುವುದಾದರೆ 94 ತೆಗೆದುಕೊಳ್ಳಿ. ಮೊದಲು ನಳಿಗೆಯ ತುದಿ ನೋಡಿ. ಇದನ್ನು ಬಾಯಿಯ ಕಡೆಯಿಂದಲೇ ಶುಚಿ ಮಾಡಬೇಕಾದ್ದರಿಂದ ಕಡ್ಡಿ ಉಜ್ಜಿ ಉಜ್ಜಿ ಗುಂಡನ್ನು ತಿರುಗಿಸುವ ಅಲ್ಲಿನ ಒಳಗೀರುಗಳು ಸವೆದಿರುತ್ತವೆ, ಗುರಿ ಚದುರುವುದು ಅದಕ್ಕೇ. ತೋಟಾದಿಂದ ಬೇರೆಯಾದ .308 ಇಂಚಿನ ಬಿಡಿ ಗುಂಡೊಂದನ್ನು ತುದಿಗಿಟ್ಟು ನೋಡಿ. ಅದು ಪೂರ್ತಿ ಒಳಗಿಳಿದರೆ ನಳಿಗೆ ಸವೆದಿದೆ. ಮುಂದೆ, ಬಂದೂಕು ಖಾಲಿಯೆಂದು ಖಚಿತಮಾಡಿಕೊಂಡು ಹ್ಯಾಮರನ್ನು ಪೂರ್ತಿ ಎಳೆದು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ. ಅದು ಜಾರಬಾರದು. ಅರ್ಧ ಎಳೆದಾಗ ಟ್ರಿಗರ್ ಒತ್ತಿದರೂ ಬೀಳಬಾರದು. ಕೊನೆಗೆ ಬಂದೂಕು ರಿಪೇರಿಯವರ ಹತ್ತಿರ ನೋ-ಗೋ ಗೇಜ್ (ತೋಟಾ ಕೂರುವ ಜಾಗ ಮಿತಿ ಮೀರಿ ಸಡಿಲಾಗಿದೆಯೇ ಎಂದು ಅಳೆಯುವ ಸಾಧನ) ಹಾಕಿಸಿ. ತೋಟಾದ ಹಿಂಬದಿ ಮುಚ್ಚುವ ಬೋಲ್ಟ್ ಅದರ ಮೇಲೂ ಮುಚ್ಚಿಕೊಂಡರೆ ತೋಟಾದ ಹಿತ್ತಾಳೆ ಹಿಗ್ಗಿ ಹರಿಯುವ ಅಪಾಯವಿದೆ, ಕೊಳ್ಳಬೇಡಿ.

336ರಲ್ಲಿ ಲಿವರ್ ಸ್ಕ್ರೂ ಒಂದನ್ನು ಬಿಚ್ಚಿದರೆ ಲಿವರ್, ಬೋಲ್ಟ್ ಎರಡೂ ಹೊರಬರುತ್ತವೆ, ಹಿಂಬದಿಯಿಂದಲೇ ನಳಿಗೆ ಶುಚಿ ಮಾಡಬಹುದು. ಖಾಲಿ ತೋಟಾವನ್ನು ಹೊರಚಿಮ್ಮಿಸುವ ಚಿಕ್ಕ ಇಜೆಕ್ಟರ್ ತುಂಡು ಬಿದ್ದುಹೋಗದಂತೆ ನೋಡಿಕೊಳ್ಳಿ. ಇದರ ರೋಗವೆಂದರೆ ಲಿವರಿನ ಚೂಪಂಚು ಕ್ಯಾರಿಯರನ್ನು ಕೊರೆಯುವುದು. ಕೊರೆದ ಮೇಲೆ ಎರಡನೇ ತೋಟಾ ಕ್ಯಾರಿಯರ್ ಅಡಿಗೆ ನುಸುಳಿ ಲಿವರ್ ಸಿಕ್ಕಿಕೊಳ್ಳುತ್ತದೆ. ಆ ಅಂಚನ್ನು ಸಾಣೆಕಲ್ಲಿನಿಂದ ಒಂದಿಷ್ಟೇ ನಯಮಾಡಿಸಿದರೆ ತಪ್ಪುತ್ತದೆ.

ಎರಡಕ್ಕೂ ಚಪ್ಪಟೆ ಮೂತಿಯ ಗುಂಡೇ ಬೇಕು. ಕೊಳವೆ ಮ್ಯಾಗಜೀನಿನಲ್ಲಿ ಒಂದರ ಮೂತಿ ಮುಂದಿನದರ ತಳದಲ್ಲಿರುವ, ಮದ್ದು ಹೊತ್ತಿಸುವ ಪ್ರೈಮರ್‌ಗೆ ತಾಗಿ ನಿಂತಿರುತ್ತದೆ. ಗಟ್ಟಿ ಚೂಪು ಗುಂಡಾದರೆ ಬಂದೂಕಿನ ಒದೆತಕ್ಕೆ ಅಲ್ಲೇ ಸಿಡಿಯಬಹುದು. ಮೆತ್ತನೆ ಪಾಲಿಮರ್ ತುದಿಯವು ನಡೆಯುತ್ತವೆ.

ಪ್ರಶ್ನೆ: ಅಸಲಿ ವಿಂಚೆಸ್ಟರ್ 1873ಕ್ಕೆ ಇಂದಿನ ಜೋರು ಮದ್ದಿನ .44-40 ತೋಟಾ ಹಾಕಬಹುದೇ?

ಉತ್ತರ: ಬೇಡ. ಅದು ಕರಿಮದ್ದಿನ ಕಾಲದ್ದು, ಮೊದಲ ವರ್ಷಗಳ ರಿಸೀವರ್ ಕಬ್ಬಿಣದ್ದು, ಬೋಲ್ಟನ್ನು ತಡೆದು ಹಿಡಿಯುವುದು ಮೊಣಕಾಲಿನಂತೆ ಮಡಚುವ ಟಾಗಲ್ ಕೊಂಡಿ. ಹೊಸ ನಕಲು ರೈಫಲ್‌ಗಳ ಉಕ್ಕು ಉತ್ತಮವಾದರೂ ಕೊಂಡಿ ಅದೇ. ಹೆಚ್ಚು ಒತ್ತಡ ತಡೆಯುವಂಥದ್ದು ಬೇಕಾದರೆ ಬ್ರೌನಿಂಗ್ ರೂಪಿಸಿದ 1892ರ ಮಾದರಿಯ ಹೊಸ ತಯಾರಿಕೆ ನೋಡಿ. ಅದರ ಬೋಲ್ಟಿಗೆ ಎರಡು ಲಂಬ ಬೀಗಗಳಿವೆ.