ಬೆಳಿಗ್ಗೆ 9ಕ್ಕೆ ಅಮ್ಮನ ಫೋನ್ ಎತ್ತಬೇಡಿ

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಕೋಪ ಬಂತು. ಬರೆದವರ ಮೇಲೆ ಅಲ್ಲ, ಪಾಪ. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ವಿಷಯ ಇಷ್ಟು. ಇವರಿಗೆ 31 ವರ್ಷ. ಮದುವೆಯಾಗಿ ಜರ್ಮನಿಗೆ ಹೋಗಿ ಎರಡು ವರ್ಷ ಆಯಿತು. ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಿನಲ್ಲಿ ಮನೆ. ಗಂಡ ಬ್ಲೂ ಕಾರ್ಡ್ ಮೇಲೆ, ಅಂದರೆ ಓದಿದ ಹೊರದೇಶದವರಿಗೆ ಕೊಡುವ ಪರ್ಮಿಟ್ಟಿನ ಮೇಲೆ, ಕೆಲಸದಲ್ಲಿದ್ದಾರೆ. ಮಕ್ಕಳಿಲ್ಲ. ಆ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇವರೂ ಇದ್ದಾರೆ. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ ಯಾವುದನ್ನೂ ತಪ್ಪಿಸುವುದಿಲ್ಲ. ಆದರೆ ಆ ಗುಂಪಿನೊಳಗೇ ನಾಲ್ಕು ಜನ ಹೆಂಗಸರ ಇನ್ನೊಂದು ಗುಂಪು ಇದೆ. ಅವರು ಶನಿವಾರ ಎಲ್ಲೆಲ್ಲೋ ಸುತ್ತಾಡಿ ಬಂದು ಫೋಟೋ ಹಾಕುತ್ತಾರೆ. ಇವರನ್ನು ಒಂದು ಸಲವೂ ಕರೆದಿಲ್ಲ. "ನನ್ನಲ್ಲಿ ಏನು ಕೊರತೆ? ನೇರವಾಗಿ ಕೇಳಿಬಿಡಲಾ, ಇಲ್ಲಾ ಗುಂಪನ್ನೇ ಬಿಟ್ಟುಬಿಡಲಾ?" ಇದು ಪ್ರಶ್ನೆ.

ಕೇಳಬೇಡಿ. ಬಿಡಲೂ ಬೇಡಿ. ಆ ನಾಲ್ವರ ಮಕ್ಕಳು ಒಂದೇ ಶಾಲೆಗೆ ಹೋಗುತ್ತಾರೆ ಅಂತ ನೀವೇ ಬರೆದಿದ್ದೀರಿ. ದಿನಾ ಬೆಳಿಗ್ಗೆ, ಮಧ್ಯಾಹ್ನ ಗೇಟಿನ ಮುಂದೆ ಒಬ್ಬರ ಮುಖ ಒಬ್ಬರು ನೋಡುವವರು ಅವರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಕುಟುಂಬಗಳಿಗೆಂದು ಕಟ್ಟಿದ್ದ ಮನೆಗಳಲ್ಲಿ ಯಾರಿಗೆ ಯಾರು ಸ್ನೇಹಿತರಾದರು ಅಂತ ಮನಶ್ಶಾಸ್ತ್ರಜ್ಞ ಫೆಸ್ಟಿಂಗರ್ ಮತ್ತು ಜೊತೆಗಾರರು ಅಧ್ಯಯನ ಮಾಡಿ 1950ರಲ್ಲಿ ಪ್ರಕಟಿಸಿದರು. ಗುಣ, ಅಭಿರುಚಿ ಎಲ್ಲ ಆಮೇಲಿನ ಮಾತು. ಪಕ್ಕದ ಬಾಗಿಲಿನವರು, ಮೆಟ್ಟಿಲ ಬುಡದಲ್ಲಿದ್ದವರು, ದಿನಾ ಎದುರಾಗುತ್ತಿದ್ದವರೇ ಜಾಸ್ತಿ ಸ್ನೇಹಿತರಾಗಿದ್ದರು. ನಿಮ್ಮನ್ನು ಆ ನಾಲ್ವರು ಕರೆಯದೇ ಇರುವುದರಲ್ಲಿ ದೊಡ್ಡ ಸಂಚೇನೂ ಇಲ್ಲ. ನೀವು ಅವರ ದಾರಿಯಲ್ಲಿ ಸಿಗುವುದಿಲ್ಲ, ಅಷ್ಟೇ.

ಇನ್ನು ನನ್ನ ಕೋಪಕ್ಕೆ ಬರುತ್ತೇನೆ. ಇಷ್ಟುದ್ದ ಪತ್ರದ ಕೊನೆಯ ಹೊತ್ತಿಗೆ, ಬೇರೇನೋ ಹೇಳುತ್ತಾ, ನೀವು ಹೀಗೆ ಬರೆದಿದ್ದೀರಿ: "ಜರ್ಮನ್ ಕ್ಲಾಸಿಗೆ ಎರಡು ತಿಂಗಳು ಹೋದೆ, ಅಮ್ಮನ ಫೋನ್ ಟೈಮಿಗೆ ಸರಿಹೋಗದೆ ಬಿಟ್ಟೆ." ಅದರ ಮುಂದಿನ ಸಾಲಿಗೇ ಮತ್ತೆ ಆ ನಾಲ್ವರ ಫೋಟೋ ಪುರಾಣ ಶುರು.

ಸ್ವಲ್ಪ ನಿಲ್ಲಿ. ಅಮ್ಮ ಊಟ ಮುಗಿಸಿ ಮಧ್ಯಾಹ್ನ ಹನ್ನೆರಡೂವರೆಗೆ ಫೋನ್ ಮಾಡುತ್ತಾರೆ, ನಾಲ್ಕು ಗಂಟೆಗೆ ಕಾಫಿ ಇಡುವ ತನಕ ಮಾತಾಡುತ್ತಾರೆ. ಬೇಸಿಗೆಯಲ್ಲಿ ನಿಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಂದರೆ ನಿಮ್ಮ 9ರಿಂದ ಹನ್ನೆರಡೂವರೆ. ನಿಮ್ಮ ಕ್ಲಾಸು 9ರಿಂದ ಹನ್ನೆರಡೂ ಕಾಲು. ಅಕ್ಟೋಬರ್ ಕೊನೆಗೆ ಜರ್ಮನಿಯ ಗಡಿಯಾರವೇ ಒಂದು ಗಂಟೆ ಹಿಂದೆ ಹೋಗುತ್ತದೆ, ಆಗ ಅಮ್ಮ 8ಕ್ಕೇ ಬರುತ್ತಾರೆ. ನಿಮ್ಮ ಇಡೀ ಬೆಳಗು ಅವರದು.

ಫೋನನ್ನು ಅಡುಗೆಮನೆಯ ಕಟ್ಟೆ ಮೇಲೆ ಡಬ್ಬಕ್ಕೆ ಒರಗಿಸಿಟ್ಟು ಪಾತ್ರೆ ತೊಳೆಯುತ್ತೀರಂತೆ, ಬಟ್ಟೆ ಮಡಚುತ್ತೀರಂತೆ. ಊರಿನ ಪಕ್ಕದ ಮನೆಯವರ ಮಗಳ ನಿಶ್ಚಿತಾರ್ಥಕ್ಕೆ ಯಾರು ಯಾವ ಸೀರೆ ಉಟ್ಟಿದ್ದರು ಅಂತ ನಿಮಗೆ ಗೊತ್ತು. ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಯಾವಾಗ ಬಂತು ಅದೂ ಗೊತ್ತು. ಆದರೆ ನಿಮ್ಮ ಕೆಳಗಿನ ಮನೆಯ ಅಜ್ಜಿಯ ಹೆಸರು ಗೊತ್ತಿಲ್ಲ ಅಂತ ಬರೆದಿದ್ದೀರಿ. ಜರ್ಮನಿಯಲ್ಲಿ ಕರೆಗಂಟೆಯ ಪಕ್ಕದಲ್ಲೇ ಮನೆಯವರ ಹೆಸರು ಹಾಕಿರುತ್ತಾರೆ ಕಣಮ್ಮಾ!

ನಿಮ್ಮ ತಾಯಿಯನ್ನು ನೀವು ಬೈಯುವುದಿಲ್ಲ, ಆದ್ದರಿಂದ ನಾನು ಬೈಯುತ್ತೇನೆ. ಅವರಿಗೆ ಗಂಡ ಇದ್ದಾರೆ, ಮಗ ಸೊಸೆ ಒಂದೇ ಬೀದಿಯಲ್ಲಿದ್ದಾರೆ, ಸಂಜೆ ಭಜನೆಯ ಗೆಳತಿಯರಿದ್ದಾರೆ. ಎಲ್ಲ ನೀವೇ ಬರೆದದ್ದು. ಮಗಳು ಹೊಸ ದೇಶದಲ್ಲಿ ಭಾಷೆ ಕಲಿಯುತ್ತೇನೆ ಅಂದಾಗ "ಹಾಗಾದ್ರೆ ನಾನು ಯಾರ ಹತ್ರ ಮಾತಾಡ್ಲಿ" ಅಂದರಂತಲ್ಲ, ಅದು ಪ್ರೀತಿ ನಿಜ, ಆದರೆ ಸ್ವಾರ್ಥದ ಪ್ರೀತಿ. ಮಕ್ಕಳನ್ನು ದೂರ ಕಳಿಸಿದ ಅಪ್ಪ ಅಮ್ಮಂದಿರಿಗೆ ಈ ಅಂಕಣದಲ್ಲಿ ನಾನು ಹೇಳುತ್ತಲೇ ಬಂದಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ: ಫೋನನ್ನು ಮೊದಲು ಇಡುವವರು ನೀವಾಗಿರಬೇಕು.

ನನ್ನ ಇನ್ನೊಂದು ಹಳೇ ರಾಗವೂ ನಿಮಗೆ ಗೊತ್ತು. ಸ್ನೇಹ ಬೆಳೆಯುವುದು ಹಬ್ಬದ ದಿನ ಅಲ್ಲ, ಸುಮ್ನೆ ಒಂದು ಮಂಗಳವಾರ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಹೊಸ ಊರಿಗೆ ಬಂದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ವಿಚಾರಿಸಿ 2018ರಲ್ಲಿ ಒಂದು ಲೆಕ್ಕ ಕೊಟ್ಟರು. ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಬೇಕು. ಸ್ನೇಹಿತರು ಅನ್ನಿಸಿಕೊಳ್ಳಲು 90. ಆಪ್ತರಾಗಲು 200ಕ್ಕೂ ಹೆಚ್ಚು. ಈಗ ನಿಮ್ಮ ಹಬ್ಬಗಳನ್ನು ಕೂಡಿಸಿ. ವರ್ಷಕ್ಕೆ ನಾಲ್ಕೈದು, ಒಂದೊಂದಕ್ಕೆ ನಾಲ್ಕು ಗಂಟೆ. ಅದರಲ್ಲೂ ಅರ್ಧ ಹೊತ್ತು ಫೋಟೋಗೆ ನಿಲ್ಲುವುದು, ಬಡಿಸುವುದು. ಹೀಗೇ ಹೋದರೆ 200 ಗಂಟೆ ತುಂಬುವ ಹೊತ್ತಿಗೆ ನಿಮಗೆ ನಲವತ್ತು ದಾಟಿರುತ್ತದೆ.

ನೀವು ಬಿಟ್ಟುಬಂದ ಆ ಜರ್ಮನ್ ಕ್ಲಾಸಿನಲ್ಲಿ, ಅಂದರೆ ಹೊರದೇಶದಿಂದ ಬಂದವರಿಗೆಂದು ಇರುವ ಇಂಟಿಗ್ರೇಷನ್ ಕೋರ್ಸಿನಲ್ಲಿ, ಭಾಷೆಯ ಪಾಠಗಳೇ 600, ಒಂದೊಂದು 45 ನಿಮಿಷ. ಒಟ್ಟು 450 ಗಂಟೆ, ಹೆಚ್ಚುಕಡಿಮೆ ಅದೇ ಮುಖಗಳ ಜೊತೆ. ಸುಮ್ಮನೆ ಒಂದೇ ಕೋಣೆಯಲ್ಲಿ ಕೂತರೆ ಅಷ್ಟೇನೂ ಲೆಕ್ಕಕ್ಕಿಲ್ಲ, ಬಿಡುವಿನಲ್ಲಿ ಬೇಕು ಅಂತ ಕಳೆದ ಹೊತ್ತೇ ಮುಖ್ಯ ಅಂತ ಹಾಲ್ ಅವರೂ ಹೇಳುತ್ತಾರೆ. ಆದರೆ ನಿಮಗೆ ಅಲ್ಲಿ ಆ ಬಾಗಿಲೂ ತೆರೆದಿತ್ತು. ಟರ್ಕಿಯ ಒಬ್ಬ ಹೆಂಗಸು ದಿನಾ ಪಕ್ಕದ ಕುರ್ಚಿ ಮೇಲೆ ಚೀಲ ಇಟ್ಟು ನಿಮಗೆ ಜಾಗ ಹಿಡಿದಿಡುತ್ತಿದ್ದರಂತೆ. ಅವರ ನಂಬರ್ ಕೂಡ ಇದೆ. "ನನ್ನ ಜರ್ಮನ್ ತಪ್ಪಾಗುತ್ತೆ ಅಂತ ಮೆಸೇಜ್ ಮಾಡಿಲ್ಲ" ಅಂದಿದ್ದೀರಿ. ಅವರದೂ ತಪ್ಪೇ ಅಲ್ವಾ? ಅದೇ ಅಲ್ಲಿನ ಸುಖ. ನೀವು ಯಾರ ಹೆಂಡತಿ, ಯಾವ ಕಡೆಯವರು, ಯಜಮಾನರಿಗೆ ಯಾವ ಕಂಪನಿ ಅಂತ ಅಳೆದು ತೂಗುವಷ್ಟು ಭಾಷೆ ಆ ಕೋಣೆಯಲ್ಲಿ ಯಾರಿಗೂ ಬರುವುದಿಲ್ಲ. ನಮ್ಮವರ ಕೂಟದಲ್ಲಿ ಮೊದಲ ಐದು ನಿಮಿಷದಲ್ಲೇ ಆ ಅಳತೆ ಮುಗಿದಿರುತ್ತದೆ. ಕನ್ನಡದವರು ಬೇಡ ಅಂತ ನಾನು ಹೇಳುತ್ತಿಲ್ಲ. ಹಬ್ಬಕ್ಕೆ ಹೋಗಿ, ಹಾಡು ಹೇಳಿ, ಹೊಟ್ಟೆ ತುಂಬ ಕನ್ನಡ ಮಾತಾಡಿ. ಆದರೆ ನಿಮ್ಮ ಬದುಕಿನ ಎಲ್ಲ ಭಾರವನ್ನೂ ಆ ಒಂದು ಗೂಟಕ್ಕೇ ಕಟ್ಟಬೇಡಿ.

ಗಂಡ ಅರ್ಥ ಮಾಡಿಕೊಳ್ಳುವುದಿಲ್ಲ ಅಂತ ಒಂದು ಪ್ಯಾರಾ ಬರೆದಿದ್ದೀರಿ. ಕ್ಲಾಸಿಗೆ ವಾಪಸ್ ಸೇರು ಅಂತ ಅವರೇ ಎರಡು ಸಲ ಹೇಳಿದರು ಅಂತಲೂ ಅದರಲ್ಲೇ ಇದೆ. ಅವರನ್ನು ಬಿಟ್ಟುಬಿಡಿ.

ಕೆಲಸದ ಮಾತನ್ನು ನೀವು ಎತ್ತೇ ಇಲ್ಲ, ಅದು ನನಗೆ ಆಶ್ಚರ್ಯ. ಅಮೆರಿಕದಲ್ಲಿ ಕೆಲಸದಲ್ಲಿರುವ ಗಂಡನ ಜೊತೆಗೆಂದು ಕೊಡುವ ಎಚ್-4 ವೀಸಾದಲ್ಲಿರುವ ಎಷ್ಟೋ ಹೆಂಗಸರಿಗೆ ಕೆಲಸಕ್ಕೆ ಸೇರುವ ಹಕ್ಕೇ ಇಲ್ಲ. ಗಂಡನ ಜೊತೆಗೆಂದು ಜರ್ಮನಿಗೆ ಬಂದವರಿಗೆ ಆ ಹಕ್ಕು ವಾಸದ ಪರ್ಮಿಟ್ಟಿನ ಜೊತೆಗೇ ಇರುತ್ತದೆ. ಭಾಷೆ ಬಂದರೆ ಕೆಲಸವೂ ಬರುತ್ತದೆ, ಆ ಚರ್ಚೆ ಇನ್ನೊಂದು ದಿನ.

ಹಾಗಾದರೆ ಏನು ಮಾಡಬೇಕು? ಒಂದೇ ಒಂದು ಕೆಲಸ. ಸೋಮವಾರದಿಂದ ಶುಕ್ರವಾರದ ತನಕ ಬೆಳಗಿನ ಹೊತ್ತು ಅಮ್ಮನ ಫೋನ್ ಎತ್ತಬೇಡಿ. ಇವತ್ತೇ ಅವರಿಗೆ ಹೇಳಿ: "ಅಮ್ಮಾ, ಇನ್ಮೇಲೆ ನಿನಗೆ ರಾತ್ರಿ ಊಟಕ್ಕೆ ಮುಂಚೆ ನಾನೇ ಅರ್ಧ ಗಂಟೆ ಫೋನ್ ಮಾಡ್ತೀನಿ." ಕಾರಣ ಕೇಳಿದರೆ ಕ್ಲಾಸು ಅನ್ನಿ, ವಾದಕ್ಕೆ ಇಳಿಯಬೇಡಿ. ನಾಳೆ ನಿಮ್ಮೂರಿನ ಫೋಲ್ಕ್ಸ್‌ಹೋಖ್‌ಶೂಲೆಗೆ, ಅಂದರೆ ದೊಡ್ಡವರಿಗೆ ಪಾಠ ಹೇಳುವ ಊರಿನ ಶಾಲೆಗೆ, ಹೋಗಿ ಮುಂದಿನ ಬ್ಯಾಚ್ ಯಾವಾಗ ಅಂತ ಕೇಳಿ. ಜಾಗ ಸಿಗುವುದು ತಡವಾದರೆ ಖಾಲಿ ಕೂರಬೇಡಿ. ಅಲ್ಲಿ ಏಳು ಜನ ಸೇರಿದರೆ ಒಂದು ಫೆರೈನ್ ಅಂತ ಸಂಘ ನೋಂದಾಯಿಸಬಹುದು, ಹಾಗಾಗಿ ಹಾಡಿಗೊಂದು, ವ್ಯಾಯಾಮಕ್ಕೊಂದು, ತೋಟಕ್ಕೊಂದು ಸಂಘ ಇರುತ್ತದೆ. ಯಾವುದಾದರೂ ಒಂದಕ್ಕೆ ಹೋಗಿ, ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ. ಇಷ್ಟವಾಗದಿದ್ದರೂ ಒಂದೆರಡು ತಿಂಗಳು ಬಿಡಬೇಡಿ.

ಮೊದಲ ವಾರ ಅಮ್ಮ ಮುನಿಸಿಕೊಳ್ಳುತ್ತಾರೆ. ಎರಡನೇ ವಾರ ಸೊಸೆಯ ಹತ್ತಿರ, ಆಮೇಲೆ ಚಿಕ್ಕಮ್ಮನ ಹತ್ತಿರ ನಿಮ್ಮ ಮೇಲೆ ದೂರು ಹೇಳುತ್ತಾರೆ. ಚಿಕ್ಕಮ್ಮ ನಿಮಗೆ ಫೋನ್ ಮಾಡುತ್ತಾರೆ, ಖಂಡಿತ. ಬೆಳಿಗ್ಗೆ ಬಂದರೆ ಅದನ್ನೂ ಎತ್ತಬೇಡಿ.