ಒತ್ತದೆ ಕಳಿಸಿದ ಕಾಲು

ಬೇರೆಯವರ ಮೈ ನೋವು, ಮನಸ್ಸಿನ ನೋವು ನೋಡಿಕೊಳ್ಳುವ ಕೆಲಸದವರು ಹೆಚ್ಚುಕಮ್ಮಿ ಇದೇ ಕಥೆ ಹೊತ್ತು ಸಲಹೆ ಕೇಳಲು ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹಾಗೆ ಬಂದ ಒಬ್ಬರು ಮಸಾಜ್ ಥೆರಪಿಸ್ಟ್. ಹಿಡಿದುಕೊಂಡ ಸ್ನಾಯುಗಳನ್ನು ಒತ್ತಿ, ನೀವಿ ಸಡಿಲ ಮಾಡುವ ಕೆಲಸ. 8 ವರ್ಷದ ಅನುಭವ. ಈಗ 3 ವಾರದಿಂದ ನಿದ್ದೆ ಇಲ್ಲ, ಯಾರನ್ನು ಮುಟ್ಟಲು ಹೋದರೂ ಕೈ ಹಿಂಜರಿಯುತ್ತದೆ ಎಂದರು.

ಆಗಿದ್ದಿಷ್ಟು. ದೂರ ಪ್ರಯಾಣ ಮುಗಿಸಿದ್ದ ಒಬ್ಬರು, ಮೀನಖಂಡ ಹಿಡಿದುಕೊಂಡಿದೆ, ಜೋರಾಗಿ ಒತ್ತಿ ಎಂದು ಬಂದಿದ್ದರು. ನೋಡಿದರೆ ಒಂದೇ ಕಾಲು ಊದಿದೆ, ಮುಟ್ಟಿದರೆ ಇನ್ನೊಂದಕ್ಕಿಂತ ಬಿಸಿ. ಇಂಥ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಒತ್ತಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ತರಬಹುದು. ಇವರು ಒತ್ತಲಿಲ್ಲ. ಡಾಕ್ಟರ ಹತ್ತಿರ ಕಳಿಸಿದರು. ಸ್ಕ್ಯಾನ್‌ನಲ್ಲಿ ಹೆಪ್ಪು ಇರಲಿಲ್ಲ. ಮೊಣಕಾಲ ಹಿಂದೆ ನೀರು ತುಂಬಿದ ಗಂಟೊಂದು ಒಡೆದಿತ್ತಂತೆ (ಅದೂ ಹೊರಗಿಂದ ಥೇಟ್ ಹೆಪ್ಪಿನ ಹಾಗೇ ಕಾಣುತ್ತದೆ). ಆ ವ್ಯಕ್ತಿ ವಾಪಸ್ ಬಂದು ಎಲ್ಲರೆದುರು ಕೂಗಾಡಿದರು.

"ನಂದು ತಪ್ಪಾಯ್ತು ಅಲ್ವಾ ಮೇಡಂ?"

ಇಲ್ಲ ಎಂದು ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. "ಕಳಿಸುವಾಗ ಏನು ಹೇಳಿದಿರಿ? ಅದೇ ಮಾತಲ್ಲಿ ಹೇಳಿ" ಎಂದೆ. ಬ್ಯಾಗಿನ ಜಿಪ್ ಎಳೆಯುತ್ತಾ ಬಿಡುತ್ತಾ ಸ್ವಲ್ಪ ಹೊತ್ತು ಕೂತರು. "ನಿಮಗೆ ರಕ್ತ ಹೆಪ್ಪುಗಟ್ಟಿದೆ, ಬೇಗ ಓಡಿ ಅಂದೆ."

ಹೆಪ್ಪುಗಟ್ಟಿದೆ! ಗೆರೆ ದಾಟಿದ್ದು ಅಲ್ಲೇ. ಒತ್ತದೆ ಬಿಟ್ಟಿದ್ದು ಸರಿ, ಸ್ಕ್ಯಾನ್‌ನಲ್ಲಿ ಏನೇ ಬಂದಿದ್ದರೂ ಸರಿಯೇ. ಆದರೆ ಕಾಯಿಲೆಗೆ ಹೆಸರಿಡುವುದು ಅವರ ಕೆಲಸ ಅಲ್ಲ. ಡಾಕ್ಟರೇ ಸ್ಕ್ಯಾನ್ ಮಾಡಿಸಿ ಹೇಳುವುದನ್ನು ಬೆರಳಿಟ್ಟು ಹೇಳಲು ಆಗುತ್ತದಾ? ಇದನ್ನು ಹಾಗೇ ಅವರಿಗೆ ಹೇಳಿದೆ. ನೊಂದು ಬಂದವರಿಗೆ ಇಷ್ಟು ನೇರವಾಗಿ ಹೇಳಬಾರದಿತ್ತು ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಮೇಲೆ ಅಂದರು. ಇರಬಹುದು. ಆದರೆ ಸುಮ್ನೆ ಬೆನ್ನು ತಟ್ಟಿ ಕಳಿಸಿ, ನಾಳೆ ಅಂಥದೇ ಕಾಲು ಬಂದಾಗ ಈ ಅವಮಾನ ನೆನಪಾಗಿ ಒತ್ತಿಯೇ ಬಿಟ್ಟರೆ? ನನ್ನ ಭಯ ಅದು.

ಕಂಡಿದ್ದನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಎಷ್ಟು ಬೇಗ ಹೋಗಬೇಕು ಅಂತ ಹೇಳಿ ಎಂದೆ. "ಒಂದೇ ಕಾಲು ಊದಿದೆ, ಬಿಸಿ ಇದೆ. ಯಾಕೆ ಅಂತ ನನಗೆ ಗೊತ್ತಾಗುವುದಿಲ್ಲ. ಗೊತ್ತಾಗದೆ ಒತ್ತುವುದಿಲ್ಲ. ಇವತ್ತೇ ಡಾಕ್ಟರಿಗೆ ತೋರಿಸಿ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ ಸೀದಾ ಎಮರ್ಜೆನ್ಸಿಗೆ ಹೋಗಿ." ಇದನ್ನು ಅವರ ಬಾಯಲ್ಲೇ 3 ಸಲ ಹೇಳಿಸಿದೆ. ಮೊದಲ ಸಲ "ಹೆಪ್ಪೇ ಇರಬೇಕು" ಅಂತ ಮತ್ತೆ ಸೇರಿಸಿದರು. ಅಭ್ಯಾಸ, ಅಷ್ಟು ಬೇಗ ಹೋಗುವುದಿಲ್ಲ.

ಹೊರಡುವಾಗ, ಇನ್ನೆರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ನೀವೂ ಡಾಕ್ಟರಿಗೆ ತೋರಿಸಿ ಎಂದೆ.

"ನನಗೇನಾಗಿದೆ ಮೇಡಂ?"

"ಅದು ನನಗೆ ಗೊತ್ತಾಗುವುದಿಲ್ಲ" ಎಂದೆ. ಇಬ್ಬರಿಗೂ ನಗು ಬಂತು.