ಹದಿನೆಂಟು ದಿನದ ಲೆಕ್ಕ

ಈ ವರ್ಷ ಸಲಹೆಗೆಂದು ನನ್ನ ಮುಂದೆ ಬಂದು ಕುಳಿತ ಮೂರನೇ ಲಾರಿ ಡ್ರೈವರ್ ಇವನು. ಮೂವರೂ ಇಪ್ಪತ್ತೈದರ ಒಳಗಿನವರು. ಮೂವರದ್ದೂ ಒಂದೇ ಹಟ, ಸ್ವಂತ ಗಾಡಿ ತಗೋಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಒಂದಷ್ಟು ವಿವರ ಬದಲಿಸಿದ್ದೇನೆ.

ಹುಡುಗನನ್ನು ಬಸು ಅನ್ನೋಣ. ಎಸ್ಸೆಸ್ಸೆಲ್ಸಿ ಪಾಸು. ಕ್ಲೀನರ್ ಆಗಿ ನಾಲ್ಕು ವರ್ಷ ದುಡಿದವನು. ಲೈಟ್ ಲೈಸೆನ್ಸ್ ಪಡೆದು ಒಂದು ವರ್ಷ ಆಗದೆ ಹೆವಿಗೆ ಅರ್ಜಿ ಹಾಕುವಂತಿಲ್ಲ, ಆ ವರ್ಷವೂ ತಾಡಪಾಲು ಕಟ್ಟುವುದರಲ್ಲೇ ಕಳೆಯಿತು. ಡ್ರೈವರ್ ಆಗಿ ಎಂಟು ತಿಂಗಳು. ತೋರಣಗಲ್ಲು ಕಡೆಯಿಂದ ಉಕ್ಕಿನ ಕಾಯಿಲ್ (ತಗಡಿನ ಸುರುಳಿ) ಹೇರಿಕೊಂಡು ದೆಹಲಿ ಕಡೆ ಹೋಗುತ್ತಾನೆ. ಎರಡು ಎಕರೆ ಹೊಲ ಮಾರಿ ಹಳೇ ಹತ್ತು ಚಕ್ರದ ಲಾರಿ ಕೊಳ್ಳುವ ಮಾತಿಗೆ ಮನೆಯಲ್ಲಿ ದಿನಾ ಜಗಳ. ತಾಯಿ ಕರೆದುಕೊಂಡು ಬಂದಿದ್ದರು. ಪಹಣಿ ಆಗಲೇ ಅವನ ಬ್ಯಾಗಿನಲ್ಲಿತ್ತು.

ಮೊದಲ ಸಲ ತಾಯಿ ಅತ್ತರು, ಅವನು ಮೊಬೈಲ್ ನೋಡಿದ. ಅಷ್ಟೇ.

ಎರಡನೇ ಸಲ ಸುಮ್ನೆ ಕೇಳಿದೆ, "ಸಂಬಳ ಎಷ್ಟು ತಮ್ಮಾ?"

"ಸಂಬಳ ಇಲ್ರೀ ಮೇಡಂ. ಟ್ರಿಪ್ಪಿಗೆ 14,000. ತಿಂಗಳಿಗೆ ಎರಡು ಹೊಡದ್ರ 28,000." ಎದೆ ಉಬ್ಬಿಸಿಯೇ ಹೇಳಿದ.

"ಹೋದ ತಿಂಗಳು ಎಷ್ಟು ಟ್ರಿಪ್?"

"ಒಂದೂವರಿ."

ಹಾಳೆ, ಪೆನ್ನು ಅವನ ಕೈಗೇ ಕೊಟ್ಟೆ. ಹೋದ ಟ್ರಿಪ್ಪನ್ನು ದಿನದ ಲೆಕ್ಕದಲ್ಲಿ ಬರೆ ಅಂದೆ. ಹೋಗಲು 5 ದಿನ. ಅಲ್ಲಿ ಗೇಟಿನ ಹೊರಗೆ ಮಾಲು ಇಳಿಸಲು ಕಾದದ್ದು 2. ರಿಟರ್ನ್ ಲೋಡಿಗೆ ಬ್ರೋಕರ್ ಹತ್ತಿರ ಕಾದದ್ದು 4. ಬರಲು 6, ಸುತ್ತು ಹಾಕಿ ಬಂದದ್ದಕ್ಕೆ. ಇಲ್ಲಿ ಮಾಲು ಇಳಿಸಿ ಮಾಲೀಕನಿಗೆ ಲೆಕ್ಕ ಒಪ್ಪಿಸಲು 1. ಕೂಡಿದರೆ 18.

ಡೀಸೆಲ್, ಟೋಲ್ ಮಾಲೀಕನದು. ಊಟ, ಚಹಾ, ಸ್ನಾನ ಇವನದು, ದಿನಕ್ಕೆ 250 ಅಂದರೂ 4,500. ಪಂಕ್ಚರ್ 600. "ಮೈಲೇಜ್ ಕಮ್ಮಿ ಬಂತು" ಅಂತ ಡೀಸೆಲ್ ಲೆಕ್ಕದಲ್ಲಿ ಮುರಿದುಕೊಂಡದ್ದು 2,100. ಉಳಿದದ್ದು 6,800. ಹದಿನೆಂಟರಿಂದ ಭಾಗಿಸಿದ. 377 ರೂಪಾಯಿ ಚಿಲ್ಲರೆ. ಮತ್ತೊಮ್ಮೆ ಭಾಗಿಸಿದ. ಅಷ್ಟೇ ಬಂತು.

ಆಗ ಗೋಡೆ ಪಕ್ಕ ಕುಳಿತಿದ್ದ ತಾಯಿ ಅಂದರು, "ಬ್ಯಾಸಿಗ್ಯಾಗ ಖಾತ್ರಿ ಕೆಲಸಕ್ಕ ಹೋದಾಗ ನನಗ 370 ಕೊಟ್ರಲ್ಲೋ ತಮ್ಮಾ. ರಾತ್ರಿ ಮನ್ಯಾಗ ಮಲಗ್ತಿದ್ದೆ."

ಹಂಗಿಸಿ ಹೇಳಿದ ಮಾತಲ್ಲ ಅದು. ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಹೋಲಿಕೆ ಪೂರ್ತಿ ಸರಿ ಅಂತಲೂ ನಾನು ಹೇಳುವುದಿಲ್ಲ. 2025ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ 370 ಇತ್ತು ನಿಜ, ಆದರೆ ಆಗ ಒಂದು ಮನೆಗೆ ವರ್ಷಕ್ಕೆ 100 ದಿನದ ಕೆಲಸವಷ್ಟೇ ಇತ್ತು. ಆದರೂ ಆ ಮಾತು ಅವನಿಗೆ ತಾಗಿತು. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟ. "ಇ-ವೇ ಬಿಲ್ಲಿನಾಗ 200 ಕಿಲೋಮೀಟರಿಗೆ ಒಂದು ದಿನ ಅಂತ ಬರ್ದಿರ್ತದ್ರೀ. ಮಾಲಿಗೆ ದಿನದ ಲೆಕ್ಕ ಐತಿ, ನನಗಿಲ್ಲ." ಇ-ವೇ ಬಿಲ್ ಅಂದರೆ ಮಾಲಿನ ಜೊತೆ ಹೋಗುವ ಸಾಗಣೆ ಪತ್ರ, ಆ ದಿನದ ಲೆಕ್ಕ ಅದರ ಅವಧಿ.

ತಾಯಿ ನೀರು ಕುಡಿಯಲು ಹೊರಗೆ ಹೋದಾಗ ಇನ್ನೊಂದು ಹೇಳಿದ. ಎರಡು ಕಡೆ ಹೆಣ್ಣು ಕೇಳಿದ್ದರಂತೆ. ಲಾರಿ ಡ್ರೈವರ್ ಅಂದ ಕೂಡಲೇ ಮಾತು ನಿಂತಿತಂತೆ. "ಗೇಟಿನಾಗ ಓನರ್ ಬಂದ್ರ ಕುರ್ಚಿ ಹಾಕ್ತಾರ. ನನಗ 'ಏಯ್, ಗಾಡಿ ಹಿಂದಕ್ಕ ತಗಿ' ಅಂತಾರ." ಗಾಡಿ ಯಾಕೆ ಬೇಕಿತ್ತು ಅಂತ ನನಗೆ ಗೊತ್ತಾದದ್ದು ಆಗಲೇ.

ನಾನು ಕೊಟ್ಟ ಸಲಹೆ ಇದು. ಎರಡು ವರ್ಷ ಹೊಲದ ಮಾತು ಬೇಡ. ಮಾಲೀಕನ ಹತ್ತಿರ ಅಡ್ವಾನ್ಸ್ ಬೇಡ, ಅದು ತೀರುವ ತನಕ ಬೇರೆ ಕಡೆ ಹೋಗಲು ಬಾಯಿ ಬರುವುದಿಲ್ಲ. ಕಾದ ದಿನವನ್ನೂ ಪುಸ್ತಕದಲ್ಲಿ ಬರೆದಿಡು, ಎರಡು ದಿನ ದಾಟಿದರೆ ದಿನದ ಬಾಟಾ (ಭತ್ಯೆ) ಕೇಳು. ಜೊತೆಗೆ ಅಪಾಯಕಾರಿ ಸರಕು ಸಾಗಿಸುವ ಮೂರು ದಿನದ ತರಬೇತಿ ಮಾಡಿಕೊಂಡು ಲೈಸೆನ್ಸಿನಲ್ಲಿ ನಮೂದು ಮಾಡಿಸಿಕೋ. ಗ್ಯಾಸ್, ಪೆಟ್ರೋಲ್ ಟ್ಯಾಂಕರ್‌ಗೆ ಅದು ಬೇಕೇ ಬೇಕು. ಅದಕ್ಕೆ ನಮ್ಮ ಒಂದು ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲು ಬರಬೇಕು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇರುವ ಅನುಕೂಲ ಅದು, ಕ್ಲೀನರ್ ಕೆಲಸದಲ್ಲಿ ಅದಕ್ಕೆ ಬೆಲೆ ಸಿಕ್ಕಿರಲಿಲ್ಲ. ಆಮೇಲೆ ತಿಂಗಳ ಸಂಬಳ, ಪಿಎಫ್ ಇರುವ ಕಡೆ ಹುಡುಕು, ಕೈಗೆ ಬರುವುದು ಮೊದಲು ಸ್ವಲ್ಪ ಕಡಿಮೆ ಅನಿಸಿದರೂ ಪರವಾಗಿಲ್ಲ.

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು ಮುಖಕ್ಕೇ ಅಂದರು, "ಮೇಲೆ ಬರೋ ಹುಡುಗನ ಕಾಲು ಹಿಡಿದು ಎಳೆದಿರಲ್ಲ." ನಮ್ಮ ಕಡೆ ಎಲ್ಲರ ತಲೆಯಲ್ಲೂ ಒಂದೇ ಏಣಿ ಇದೆ, ಕ್ಲೀನರ್, ಡ್ರೈವರ್, ಓನರ್. ಹತ್ತಿದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದೇ ಲಾರಿಯ ಓನರ್ ಕೂಡ ಅದೇ ಬ್ರೋಕರ್ ಹತ್ತಿರ ಅದೇ ನಾಲ್ಕು ದಿನ ಕಾಯುತ್ತಾನೆ. ಆ ನಾಲ್ಕು ದಿನದಲ್ಲಿ ಕಂತು ಕಾಯುವುದಿಲ್ಲ, ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್), ಟೈರು ಯಾವುದೂ ಕಾಯುವುದಿಲ್ಲ. ತನ್ನ ಒಂದು ದಿನದ ಬೆಲೆ ಗೊತ್ತಿಲ್ಲದವನು ಗಾಡಿಯ ಒಂದು ದಿನದ ಬೆಲೆ ಹೇಗೆ ಹಾಕುತ್ತಾನೆ? ನಾನು ಬೇಡ ಅಂದದ್ದು ಲಾರಿಯನ್ನಲ್ಲ, ಈ ಲೆಕ್ಕ ಬರುವ ಮೊದಲೇ ಹೊಲ ಮಾರುವುದನ್ನು.

ಆದರೂ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಹಣದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಕುರ್ಚಿಯ ಪ್ರಶ್ನೆಗೆ ಇರಲಿಲ್ಲ. ಪುಸ್ತಕದಲ್ಲಿ ಎಷ್ಟೇ ದಿನ ಬರೆದರೂ ಗೇಟಿನವನು 'ಏಯ್' ಅನ್ನುವುದನ್ನು ಬಿಡುವುದಿಲ್ಲ, ಅಲ್ವಾ?

ಹೋದ ತಿಂಗಳು ನಾಗಪುರದ ಹತ್ತಿರದಿಂದ ಫೋನ್ ಮಾಡಿದ್ದ. ಮಾಲೀಕ ಕಾದ ದಿನಕ್ಕೆ 200 ಕೊಡಲು ಒಪ್ಪಿದ್ದಾನಂತೆ, ಬಾಯಿಮಾತಿನಲ್ಲಿ. ತರಬೇತಿಗೆ ಇನ್ನೂ ಹೋಗಿಲ್ಲ. ಪಹಣಿ ಎಲ್ಲಿದೆ ಅಂತ ತಾಯಿಯನ್ನು ಕೇಳಿದೆ. "ಅವನ ಬ್ಯಾಗಿನಾಗ ಐತ್ರಿ" ಅಂದರು.